ಎಕ್ಸ್‌ಬಾಕ್ಸ್ ಸೀರೀಸ್ ಎಸ್: ಕಡಿಮೆ ಬೆಲೆಯ ಕನ್ಸೋಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

2020ರ ನವೆಂಬರ್ 10ರಂದು ಮೈಕ್ರೋಸಾಫ್ಟ್ ಒಂದೇ ದಿನ ಎಕ್ಸ್‌ಬಾಕ್ಸ್ ಹೆಸರಿನ ಎರಡು ಕನ್ಸೋಲ್‌ಗಳನ್ನು (ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರಗಳನ್ನು) ಮಾರುಕಟ್ಟೆಗೆ ಬಿಟ್ಟಿತು. ಆಗ ಭಾರತದಲ್ಲಿ ಸೀರೀಸ್ ಎಕ್ಸ್‌ಗೆ 49,990 ರೂಪಾಯಿ, ಸೀರೀಸ್ ಎಸ್‌ಗೆ 34,990 ರೂಪಾಯಿ ಇತ್ತು. ನಡುವಿನ ಆ 15,000 ರೂಪಾಯಿ ನಿಜವಾಗಿಯೂ ಉಳಿಯುತ್ತದೆಯೇ ಅಥವಾ ಬೇರೆ ದಾರಿಯಲ್ಲಿ ಖರ್ಚಾಗಿ ಹೋಗುತ್ತದೆಯೇ ಎನ್ನುವುದು ಅಂದಿನಿಂದ ಇಂದಿನವರೆಗೂ ಬರುತ್ತಿರುವ ಪ್ರಶ್ನೆ. ಉತ್ತರ ಪೆಟ್ಟಿಗೆಯ ಮೇಲೆ ಇಲ್ಲ. ನಿಮ್ಮ ಮನೆಯ ಟಿವಿ, ಇಂಟರ್‌ನೆಟ್ ಮತ್ತು ನೀವು ಗೇಮ್ ಕೊಳ್ಳುವ ರೀತಿಯಲ್ಲಿದೆ.

ಎಸ್ ಎಂದರೆ ಎಕ್ಸ್‌ನಿಂದ ಡಿಸ್ಕ್ ಡ್ರೈವ್ ತೆಗೆದ ಮಾದರಿ, ಅಷ್ಟೇ ತಾನೆ?

ಅಲ್ಲ. ಹೆಚ್ಚು ಜನ ಎಡವುವುದು ಇಲ್ಲೇ. ಸೋನಿಯ ಪ್ಲೇಸ್ಟೇಷನ್ 5ರ ಡಿಜಿಟಲ್ ಮಾದರಿಯಲ್ಲಿ ಡ್ರೈವ್ ಮಾತ್ರ ಇಲ್ಲ, ಒಳಗಿನ ಶಕ್ತಿ ಪೂರ್ತಿ ಅದೇ. 2024ರಲ್ಲಿ ಬಂದ ಡ್ರೈವ್ ಇಲ್ಲದ ಬಿಳಿ ಸೀರೀಸ್ ಎಕ್ಸ್ ಕೂಡ ಹಾಗೆಯೇ. ಸೀರೀಸ್ ಎಸ್‌ನಲ್ಲಿ ಡ್ರೈವ್ ಇಲ್ಲದಿರುವುದರ ಜೊತೆಗೆ ಚಿಪ್ ಕೂಡ ಬೇರೆ.

ಪ್ರೊಸೆಸರ್ ಹೆಚ್ಚುಕಡಿಮೆ ಒಂದೇ: ಎರಡರಲ್ಲೂ ಎಂಟು ಕೋರ್‌ಗಳ ಎಎಂಡಿ ಜೆನ್ 2, ಎಕ್ಸ್‌ನಲ್ಲಿ 3.8 ಗಿಗಾಹರ್ಟ್ಜ್, ಎಸ್‌ನಲ್ಲಿ 3.6. ಗೇಮ್‌ಗಳನ್ನು ತುಂಬಿಡುವ ಎಸ್‌ಎಸ್‌ಡಿಯ ವೇಗವೂ ಒಂದೇ, ಸೆಕೆಂಡಿಗೆ 2.4 ಜಿಬಿ. ದೊಡ್ಡ ವ್ಯತ್ಯಾಸ ಗ್ರಾಫಿಕ್ಸ್‌ನಲ್ಲಿ. ಎಕ್ಸ್‌ನಲ್ಲಿ 52 ಕಂಪ್ಯೂಟ್ ಯೂನಿಟ್ (ಚಿತ್ರದ ಲೆಕ್ಕ ಮಾಡುವ ಘಟಕ), 12.15 ಟೆರಾಫ್ಲಾಪ್ (ಆ ಶಕ್ತಿಯ ಅಳತೆ), ಎಸ್‌ನಲ್ಲಿ 20 ಕಂಪ್ಯೂಟ್ ಯೂನಿಟ್, 4 ಟೆರಾಫ್ಲಾಪ್. ಮೆಮೊರಿ ಎಕ್ಸ್‌ನಲ್ಲಿ 16 ಜಿಬಿ, ಎಸ್‌ನಲ್ಲಿ 10 ಜಿಬಿ. ಗಾತ್ರದಲ್ಲಿ ಮಾತ್ರ ಎಸ್‌ನದೇ ಗೆಲುವು. 27.5 ಸೆಂಟಿಮೀಟರ್ ಉದ್ದ, 15.1 ಅಗಲ, 6.5 ದಪ್ಪ, ತೂಕ ಎರಡು ಕಿಲೋಗೂ ಕಡಿಮೆ. ಬ್ಯಾಗಿನಲ್ಲಿ ಹಾಕಿಕೊಂಡು ಊರಿಗೆ ಒಯ್ಯಬಹುದು.

ಮೂರನೇ ಒಂದು ಪಾಲು ಶಕ್ತಿ ಇದ್ದರೆ ಗೇಮ್ ಹೇಗೆ ಓಡುತ್ತದೆ?

ಗ್ರಾಫಿಕ್ಸ್ ಚಿಪ್ಪಿನ ಕೆಲಸದ ಹೆಚ್ಚಿನ ಭಾಗ ಪರದೆಯ ಚುಕ್ಕಿಗಳ ಲೆಕ್ಕದ ಮೇಲೆ ನಿಂತಿದೆ. 4ಕೆ ಚಿತ್ರದಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್, 1440ಪಿಯಲ್ಲಿ 37 ಲಕ್ಷ, 1080ಪಿಯಲ್ಲಿ 21 ಲಕ್ಷ. ಎಕ್ಸ್ 4ಕೆ ತೋರಿಸಲಿ, ಎಸ್ ಅದೇ ಗೇಮನ್ನು 1440ಪಿಯಲ್ಲಿ ತೋರಿಸಲಿ ಎನ್ನುವುದು ಮೈಕ್ರೋಸಾಫ್ಟ್‌ನ ಯೋಜನೆ. ಈಗ ಭಾಗಿಸಿ ನೋಡಿ. 4ಕೆಯಿಂದ 1440ಪಿಗೆ ಇಳಿದಾಗ ಕೆಲಸ ಎರಡೂಕಾಲು ಪಟ್ಟು ಕಡಿಮೆಯಾಗುತ್ತದೆ, ಆದರೆ ಶಕ್ತಿ ಮೂರು ಪಟ್ಟು ಕಡಿಮೆಯಾಗಿದೆ. ಲೆಕ್ಕ ಕೂಡುವುದಿಲ್ಲ. 1080ಪಿಗೆ ಇಳಿದರೆ ಕೆಲಸ ನಾಲ್ಕು ಪಟ್ಟು ಕಡಿಮೆಯಾಗುತ್ತದೆ, ಆಗ ಕೂಡುತ್ತದೆ. ಅದಕ್ಕೇ ಪೆಟ್ಟಿಗೆಯ ಮೇಲೆ 1440ಪಿ ಎಂದಿದ್ದರೂ ಭಾರಿ ಗೇಮ್‌ಗಳು ಎಸ್‌ನಲ್ಲಿ 1080ಪಿಯ ಆಸುಪಾಸಿನಲ್ಲಿ ಓಡುತ್ತವೆ, ಕೆಲವು ಅದಕ್ಕೂ ಕೆಳಗಿಳಿಯುತ್ತವೆ.

ಎರಡು ಉದಾಹರಣೆ. ಫೋರ್ಜಾ ಹೊರೈಜನ್ 5 ಎಸ್‌ನಲ್ಲಿ ಎರಡು ಆಯ್ಕೆ ಕೊಡುತ್ತದೆ: 1440ಪಿಯಲ್ಲಿ ಸೆಕೆಂಡಿಗೆ 30 ಫ್ರೇಮ್ (ಚಿತ್ರ) ಅಥವಾ 1080ಪಿಯಲ್ಲಿ 60 ಫ್ರೇಮ್. ಸೈಬರ್‌ಪಂಕ್ 2077 ಮೊದಲು 30 ಫ್ರೇಮ್‌ನಲ್ಲಷ್ಟೇ ಓಡುತ್ತಿತ್ತು. 2022ರ 1.6 ಅಪ್‌ಡೇಟ್‌ನಲ್ಲಿ 60 ಫ್ರೇಮ್ ಮೋಡ್ ಬಂತು, ಆದರೆ ಚಿತ್ರ 800ಪಿಯಿಂದ 1080ಪಿ ನಡುವೆ ಏರಿಳಿಯುತ್ತದೆ. ಯಾವುದೇ ಗೇಮ್‌ನಲ್ಲಿ 'ಪರ್ಫಾರ್ಮೆನ್ಸ್' ಆಯ್ಕೆ ಇದ್ದರೆ ಅದನ್ನೇ ಹಾಕಿಕೊಳ್ಳಿ. ಚಿತ್ರ ಸ್ವಲ್ಪ ಮಸುಕಾದರೂ ಕೈಗೆ ಸಿಗುವ ಹಿಡಿತ ಎಷ್ಟೋ ಚೆನ್ನಾಗಿರುತ್ತದೆ.

ಹಾಗಾದರೆ ತೊಂದರೆ ಚಿತ್ರದ ಸ್ಪಷ್ಟತೆಯಲ್ಲಿ ಮಾತ್ರವೇ?

ಅಷ್ಟೇ ಆಗಿದ್ದರೆ ಈ ಕನ್ಸೋಲ್ ಬಗ್ಗೆ ದೂರೇ ಇರುತ್ತಿರಲಿಲ್ಲ. ನಿಜವಾದ ಕೊರತೆ ಮೆಮೊರಿಯದು.

ಎಸ್‌ನ 10 ಜಿಬಿಯಲ್ಲಿ 8 ಜಿಬಿ ವೇಗದ್ದು (ಸೆಕೆಂಡಿಗೆ 224 ಜಿಬಿ), ಉಳಿದ 2 ಜಿಬಿ ತೀರ ನಿಧಾನದ್ದು (ಸೆಕೆಂಡಿಗೆ 56 ಜಿಬಿ). ಆ ನಿಧಾನದ ಭಾಗ ಬಹುಪಾಲು ಸಿಸ್ಟಂಗೇ ಹೋಗುವುದರಿಂದ ಗೇಮ್‌ಗೆ ದಕ್ಕುವುದು ಸುಮಾರು 8 ಜಿಬಿ. ಎಕ್ಸ್‌ನಲ್ಲಿ ಗೇಮ್‌ಗೆ 13.5 ಜಿಬಿ ಸಿಗುತ್ತದೆ. ಚಿತ್ರವನ್ನು ಕಿರಿದು ಮಾಡಿದರೆ ಚಿತ್ರಕ್ಕೆ ಬೇಕಾದ ಮೆಮೊರಿ ಕಡಿಮೆಯಾಗುತ್ತದೆ, ನಿಜ. ಆದರೆ ಗೇಮ್ ಲೋಕದ ನಕ್ಷೆ, ಪಾತ್ರಗಳ ಚಲನೆ, ಶತ್ರುಗಳ ಬುದ್ಧಿ, ಧ್ವನಿ ಇವು ಯಾವುವೂ ಪರದೆ ಸಣ್ಣದಾಯಿತೆಂದು ಕುಗ್ಗುವುದಿಲ್ಲ. ಹತ್ತು ಜನರ ಅಡುಗೆಯನ್ನು ಐದು ಜನರ ಪಾತ್ರೆಯಲ್ಲಿ ಮಾಡಬೇಕಾದ ಪರಿಸ್ಥಿತಿ ಗೇಮ್ ಮಾಡುವವರದು.

ಇದರ ಪರಿಣಾಮ ಎಲ್ಲರಿಗೂ ಕಂಡದ್ದು ಬಾಲ್ಡರ್ಸ್ ಗೇಟ್ 3 ಎಂಬ ಗೇಮ್‌ನಲ್ಲಿ. ಅದು ಪ್ಲೇಸ್ಟೇಷನ್ 5ಕ್ಕೆ 2023ರ ಸೆಪ್ಟೆಂಬರ್‌ನಲ್ಲಿ ಬಂತು. ಒಂದೇ ಟಿವಿಯಲ್ಲಿ ಪರದೆ ಹಂಚಿಕೊಂಡು ಇಬ್ಬರು ಆಡುವ ಸೌಲಭ್ಯ ಎಸ್‌ನಲ್ಲಿ ಓಡದೆ ಎಕ್ಸ್‌ಬಾಕ್ಸ್ ಬಿಡುಗಡೆ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಎರಡೂ ಮಾದರಿಯಲ್ಲಿ ಸೌಲಭ್ಯ ಸಮಾನವಾಗಿರಬೇಕೆಂಬ ನಿಯಮವನ್ನು ಮೈಕ್ರೋಸಾಫ್ಟ್ ಆಗ ಸಡಿಲಿಸಿ, ಎಸ್‌ನಲ್ಲಿ ಆ ಸೌಲಭ್ಯ ಇಲ್ಲದೆಯೇ ಗೇಮ್ ಬಿಡಲು ಒಪ್ಪಿತು. ಕೊನೆಗೆ ಅದು ಬಂದದ್ದು 2025ರ ಏಪ್ರಿಲ್‌ನ ಎಂಟನೇ ಪ್ಯಾಚ್‌ನಲ್ಲಿ. ಬ್ಲ್ಯಾಕ್ ಮಿತ್: ವೂಕಾಂಗ್ ಪ್ಲೇಸ್ಟೇಷನ್‌ಗೆ 2024ರ ಆಗಸ್ಟ್ 20ರಂದು ಬಂದರೆ ಎಕ್ಸ್‌ಬಾಕ್ಸ್‌ಗೆ ಸರಿಯಾಗಿ ಒಂದು ವರ್ಷ ತಡವಾಗಿ ಬಂತು.

ಎಸ್ ಕೊಂಡವರು ಇದರಿಂದ ತಿಳಿಯಬೇಕಾದದ್ದು ಇಷ್ಟು: ಗೇಮ್ ಬರುವುದಿಲ್ಲ ಎನ್ನುವುದು ತೀರ ಅಪರೂಪ. ತಡವಾಗಿ ಬರಬಹುದು, 60 ಫ್ರೇಮ್ ಮೋಡ್ ಇಲ್ಲದೆ ಬರಬಹುದು, ಪರದೆ ಹಂಚಿಕೊಳ್ಳುವ ಆಟ ಇಲ್ಲದಿರಬಹುದು. ಮನೆಯಲ್ಲಿ ಇಬ್ಬರು ಮಕ್ಕಳು ಒಂದೇ ಟಿವಿಯಲ್ಲಿ ಕೂತು ಆಡಲೆಂದೇ ಕೊಳ್ಳುವುದಾದರೆ, ನಿಮಗೆ ಬೇಕಾದ ಗೇಮ್ ಎಸ್‌ನಲ್ಲಿ ಆ ಸೌಲಭ್ಯ ಕೊಡುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ನಮ್ಮ ಮನೆಯಲ್ಲಿರುವುದು 32 ಇಂಚಿನ ಸಾಮಾನ್ಯ ಟಿವಿ. ಎಸ್ ಸಾಕೇ?

ಧಾರಾಳ. ಟಿವಿ 1080ಪಿ ಆಗಿದ್ದರೆ ಎಕ್ಸ್ ಕೊಂಡರೂ 4ಕೆ ಚಿತ್ರ ನಿಮಗೆ ಕಾಣುವುದಿಲ್ಲ. ಎಸ್‌ಗೆ ಅತ್ಯಂತ ಹೊಂದುವ ಟಿವಿ ಅದೇ. 43 ಇಂಚಿನ 4ಕೆ ಟಿವಿಯಲ್ಲಿ ಎಂಟು ಅಡಿ ದೂರ ಕೂತರೂ ವ್ಯತ್ಯಾಸ ಅಷ್ಟಾಗಿ ಕಾಡದು. 55 ಇಂಚಿಗೂ ಮೇಲಿನ ಟಿವಿ ಇದ್ದು ಆರು ಅಡಿಯಲ್ಲಿ ಕೂರುವವರಿಗೆ ಮಸುಕು ಎದ್ದು ಕಾಣುತ್ತದೆ. ಅವರು ಎಕ್ಸ್ ಕಡೆ ನೋಡುವುದೇ ಒಳ್ಳೆಯದು.

ಯಾವ ಟಿವಿಯಾದರೂ ಎರಡು ಕೆಲಸ ಮರೆಯಬೇಡಿ. ಟಿವಿಯ ಪಿಕ್ಚರ್ ಮೋಡನ್ನು 'ಗೇಮ್'ಗೆ ಬದಲಿಸಿ, ಇಲ್ಲದಿದ್ದರೆ ಬಟನ್ ಒತ್ತಿದ ಮೇಲೆ ಪಾತ್ರ ಕದಲುವುದು ತಡವಾಗುತ್ತದೆ. ಎಚ್‌ಡಿಆರ್ (ಬೆಳಕು, ಬಣ್ಣಗಳನ್ನು ಇನ್ನಷ್ಟು ಎದ್ದು ಕಾಣಿಸುವ ವ್ಯವಸ್ಥೆ) ಇರುವ ಟಿವಿಯಾದರೆ, ಕನ್ಸೋಲ್ ಸಿಕ್ಕಿಸಿದ ಎಚ್‌ಡಿಎಂಐ ಪೋರ್ಟಿನ ಸೆಟ್ಟಿಂಗನ್ನು ಟಿವಿಯಲ್ಲಿ 'ಎನ್‌ಹ್ಯಾನ್ಸ್ಡ್' ಅಥವಾ 'ಡೀಪ್ ಕಲರ್' ಎಂದು ಬದಲಿಸಬೇಕು. ಕಂಪನಿಯಿಂದ ಕಂಪನಿಗೆ ಹೆಸರು ಬೇರೆ ಇರುತ್ತದೆ. ಇದನ್ನು ಮಾಡದೆ 'ಎಚ್‌ಡಿಆರ್ ಬರುತ್ತಿಲ್ಲ' ಎಂದು ಕನ್ಸೋಲನ್ನು ದೂರುವವರು ಬಹಳ. ಇನ್ನೊಂದು ಮಾತು: ಎಸ್‌ನಲ್ಲಿ ಆಪ್ಟಿಕಲ್ ಆಡಿಯೊ ಪೋರ್ಟ್ ಇಲ್ಲ. ಹಳೆಯ ಹೋಂ ಥಿಯೇಟರ್ ಇದ್ದರೆ ಟಿವಿಯ ಆಪ್ಟಿಕಲ್ ಪೋರ್ಟಿನಿಂದ ತಂತಿ ಎಳೆಯಬೇಕು.

512 ಜಿಬಿ ಎಂದು ಬರೆದಿದೆ. ಎಷ್ಟು ಗೇಮ್ ಹಿಡಿಯುತ್ತದೆ?

ನಿಮ್ಮ ಕೈಗೆ ಸಿಗುವುದು 364 ಜಿಬಿ ಮಾತ್ರ. ಉಳಿದದ್ದು ಸಿಸ್ಟಂಗೆ ಮೀಸಲು. ಈಗಿನ ದೊಡ್ಡ ಗೇಮ್ ಒಂದೊಂದೂ 80ರಿಂದ 130 ಜಿಬಿ ನುಂಗುವುದರಿಂದ ಮೂರು ನಾಲ್ಕು ಗೇಮ್ ಆದರೆ ಜಾಗ ಮುಗಿಯಿತು. 4ಕೆ ಚಿತ್ರಗಳ ಫೈಲ್ ಬೇಡವಾದ್ದರಿಂದ ಹಲವು ಗೇಮ್‌ಗಳ ಎಸ್ ಆವೃತ್ತಿ ಎಕ್ಸ್‌ಗಿಂತ ಚಿಕ್ಕದಾಗಿರುತ್ತದೆ, ಅಷ್ಟೇ ಸಮಾಧಾನ.

ಜಾಗ ಹೆಚ್ಚಿಸುವ ದಾರಿಗಳನ್ನು ಅಗ್ಗದ್ದರಿಂದ ಶುರುಮಾಡೋಣ.

ಮೊದಲನೆಯದು ಬಿಟ್ಟಿ. 'ಮೈ ಗೇಮ್ಸ್ ಆಂಡ್ ಆ್ಯಪ್ಸ್'ಗೆ ಹೋಗಿ, ಗೇಮ್ ಮೇಲೆ ನಿಂತು, ಕಂಟ್ರೋಲರ್‌ನ ಮೂರು ಗೆರೆಯ ಮೆನು ಬಟನ್ ಒತ್ತಿ, 'ಮ್ಯಾನೇಜ್ ಗೇಮ್' ಆರಿಸಿ. ಕಾಲ್ ಆಫ್ ಡ್ಯೂಟಿಯಂಥ ಗೇಮ್‌ಗಳಲ್ಲಿ ಕಥೆಯ ಭಾಗ, ಆನ್‌ಲೈನ್ ಭಾಗ ಬೇರೆ ಬೇರೆಯಾಗಿ ಪಟ್ಟಿಯಾಗಿರುತ್ತವೆ. ಮುಗಿಸಿದ ಕಥೆಯನ್ನು ತೆಗೆದರೆ ಹತ್ತಾರು ಜಿಬಿ ಖಾಲಿಯಾಗುತ್ತದೆ. ನೀವು ಆಡಿ ತಲುಪಿದ ಹಂತವನ್ನು ಉಳಿಸುವ ಸೇವ್ ಫೈಲ್ ಕ್ಲೌಡ್‌ನಲ್ಲಿ, ಅಂದರೆ ಮೈಕ್ರೋಸಾಫ್ಟ್‌ನ ಸರ್ವರ್‌ನಲ್ಲಿ ಇರುತ್ತದೆ, ಅಳಿದುಹೋಗುವುದಿಲ್ಲ. ಇದಕ್ಕೆ ಚಂದಾ ಕೂಡ ಬೇಕಿಲ್ಲ.

ಎರಡನೆಯದು ಸಾಮಾನ್ಯ ಯುಎಸ್‌ಬಿ ಹಾರ್ಡ್ ಡಿಸ್ಕ್. ಯುಎಸ್‌ಬಿ 3.0 ಆಗಿರಬೇಕು, ಕನಿಷ್ಠ 128 ಜಿಬಿ ಇರಬೇಕು. ಸಿಕ್ಕಿಸಿದ ಕೂಡಲೇ ಕನ್ಸೋಲ್ ಅದನ್ನು ಫಾರ್ಮ್ಯಾಟ್ ಮಾಡಲು ಕೇಳುತ್ತದೆ. ಒಪ್ಪಿದರೆ ಅದರಲ್ಲಿದ್ದ ಮದುವೆ ಫೋಟೊ, ಸಿನಿಮಾ ಎಲ್ಲ ಹೋಯಿತು. ಅದಕ್ಕೆ ಹೊಸ ಅಥವಾ ಖಾಲಿ ಡಿಸ್ಕನ್ನೇ ಬಳಸಿ. ಎಕ್ಸ್‌ಬಾಕ್ಸ್ ಒನ್, 360 ಮತ್ತು ಮೊದಲ ಎಕ್ಸ್‌ಬಾಕ್ಸ್ ಕಾಲದ ಗೇಮ್‌ಗಳು ಈ ಡಿಸ್ಕ್‌ನಿಂದಲೇ ನೇರವಾಗಿ ಓಡುತ್ತವೆ. ಸೀರೀಸ್ ಎಕ್ಸ್/ಎಸ್‌ಗೆಂದೇ ಮಾಡಿದ ಗೇಮ್‌ಗಳು ಓಡುವುದಿಲ್ಲ, ಅವನ್ನು ಅಲ್ಲಿ ಇಟ್ಟು ಬೇಕಾದಾಗ ಒಳಗೆ ಎಳೆದುಕೊಳ್ಳಬಹುದು ಅಷ್ಟೇ. 100 ಜಿಬಿ ಗೇಮ್ ಒಳಗೆ ಬರಲು ಹಾರ್ಡ್ ಡಿಸ್ಕ್‌ನಿಂದ ಹದಿನೈದು ಇಪ್ಪತ್ತು ನಿಮಿಷ, ಯುಎಸ್‌ಬಿ ಎಸ್‌ಎಸ್‌ಡಿಯಿಂದ ಐದಾರು ನಿಮಿಷ. ಮತ್ತೆ ಡೌನ್‌ಲೋಡ್ ಮಾಡುವುದಕ್ಕೆ ಹೋಲಿಸಿದರೆ ಇದು ಏನೇನೂ ಅಲ್ಲ. ಹೆಚ್ಚಿನ ಮನೆಗಳಿಗೆ ನಮ್ಮ ಸಲಹೆ ಇದೇ.

ಮೂರನೆಯದು ಹಿಂಬದಿಯ ವಿಶೇಷ ಸ್ಲಾಟ್‌ಗೆ ಹಾಕುವ ಎಕ್ಸ್‌ಪ್ಯಾನ್ಷನ್ ಕಾರ್ಡ್. ಸೀಗೇಟ್ ಮತ್ತು ವೆಸ್ಟರ್ನ್ ಡಿಜಿಟಲ್ ಎರಡೂ ಮಾಡುತ್ತವೆ. ಒಳಗಿನ ಎಸ್‌ಎಸ್‌ಡಿಯಷ್ಟೇ ವೇಗ, ಎಲ್ಲ ಗೇಮ್‌ಗಳೂ ನೇರವಾಗಿ ಓಡುತ್ತವೆ. ಆದರೆ ಅಮೆರಿಕದಲ್ಲಿ ಮೊದಲ 1 ಟಿಬಿ ಕಾರ್ಡ್ ಬಂದಾಗ ಬೆಲೆ 219.99 ಡಾಲರ್, ಕನ್ಸೋಲಿಗೇ 299 ಡಾಲರ್ ಇತ್ತು. ಎಸ್ ಜೊತೆಗೆ ಮೊದಲ ದಿನವೇ ಈ ಕಾರ್ಡನ್ನೂ ಕೊಳ್ಳುವ ಯೋಚನೆ ಇದ್ದರೆ ನಿಲ್ಲಿ: ಆ ಬೆಲೆಗಳಲ್ಲಿ ಎರಡರ ಮೊತ್ತ ಎಕ್ಸ್‌ನ ಬೆಲೆಯನ್ನು ದಾಟುತ್ತಿತ್ತು. ಈಗಿನ ಬೆಲೆಯಲ್ಲೂ ಹಾಗೇ ಆದರೆ ಎಕ್ಸ್‌ ಕೊಳ್ಳುವುದೇ ಲೇಸು. ಕಂಪ್ಯೂಟರ್‌ಗೆ ಹಾಕುವ ಎಂ.2 ಎಸ್‌ಎಸ್‌ಡಿ ಈ ಸ್ಲಾಟ್‌ಗೆ ಕೂರುವುದಿಲ್ಲ.

512 ಜಿಬಿ ಕೊಳ್ಳಲೇ, 1 ಟಿಬಿ ಕೊಳ್ಳಲೇ?

1 ಟಿಬಿ ಮಾದರಿ 2023ರ ಸೆಪ್ಟೆಂಬರ್‌ನಲ್ಲಿ ಕಪ್ಪು ಬಣ್ಣದಲ್ಲಿ ಬಂತು, ಮರುವರ್ಷ ಬಿಳಿಯಲ್ಲೂ ಬಂತು. ಜಾಗ ಬಿಟ್ಟರೆ ಬೇರೇನೂ ಬದಲಾಗಿಲ್ಲ. ಚಿಪ್ ಅದೇ, ಮೆಮೊರಿ ಅದೇ. ಆದರೆ ಬಳಸಲು ಸಿಗುವ ಜಾಗ ಎರಡು ಪಟ್ಟಿಗಿಂತ ಹೆಚ್ಚು. ಬೆಲೆಯ ಅಂತರ ಐದಾರು ಸಾವಿರದೊಳಗೆ ಇದ್ದರೆ 1 ಟಿಬಿಯನ್ನೇ ತೆಗೆದುಕೊಳ್ಳಿ.

ಡಿಸ್ಕ್ ಇಲ್ಲದಿದ್ದರೆ ಏನು ನಷ್ಟ?

ಹಣದ ದೃಷ್ಟಿಯಿಂದ ದೊಡ್ಡ ನಷ್ಟ ಇಲ್ಲಿಯೇ ಆಗಬಹುದು. ಡಿಸ್ಕ್ ಇದ್ದವರು 4,000 ರೂಪಾಯಿಯ ಗೇಮ್ ಆಡಿ ಮುಗಿಸಿ 2,000ಕ್ಕೆ ಮಾರುತ್ತಾರೆ, ಗೆಳೆಯರೊಡನೆ ಅದಲುಬದಲು ಮಾಡುತ್ತಾರೆ, ಹಳೆಯ ಡಿಸ್ಕನ್ನು ಅರ್ಧ ಬೆಲೆಗೆ ತರುತ್ತಾರೆ. ವರ್ಷಕ್ಕೆ ಇಂಥ ನಾಲ್ಕು ಗೇಮ್ ಆಡುವವರಿಗೆ 8,000 ರೂಪಾಯಿ ವಾಪಸು. ಎರಡೇ ವರ್ಷದಲ್ಲಿ ಎಸ್ ಉಳಿಸಿಕೊಟ್ಟ 15,000 ಅಲ್ಲಿಗೆ ಸರಿಹೋಯಿತು. ಎಸ್‌ನಲ್ಲಿ ಕೊಂಡ ಗೇಮನ್ನು ಮಾರಲು ಆಗದು. ನಿಮ್ಮಲ್ಲಿ ಈಗಾಗಲೇ ಎಕ್ಸ್‌ಬಾಕ್ಸ್ ಒನ್ ಡಿಸ್ಕ್‌ಗಳ ಸಾಲು ಇದ್ದರೆ ಅವೂ ನಿರುಪಯೋಗ. ಯುಎಸ್‌ಬಿ ಡಿವಿಡಿ ಡ್ರೈವ್ ಹಾಕಿ ಓಡಿಸಬಹುದೇ ಎಂದು ಕೇಳುತ್ತಾರೆ; ಸಾಧ್ಯವಿಲ್ಲ.

ಇದಕ್ಕೆ ಎದುರಾಗಿ ಹೇಳಬೇಕಾದದ್ದೂ ಇದೆ. ಫೋರ್ಟ್‌ನೈಟ್, ರಾಕೆಟ್ ಲೀಗ್‌ನಂಥ ಉಚಿತ ಗೇಮ್‌ಗಳನ್ನೇ ಆಡುವವರಿಗೆ ಡಿಸ್ಕ್‌ನ ಮಾತೇ ಬರುವುದಿಲ್ಲ. 2021ರ ಏಪ್ರಿಲ್‌ನಿಂದ ಉಚಿತ ಗೇಮ್‌ಗಳನ್ನು ಆನ್‌ಲೈನ್‌ನಲ್ಲಿ ಆಡಲು ಚಂದಾ ಕೂಡ ಬೇಡ. ಇಂಥವರಿಗೆ ಎಸ್‌ಗಿಂತ ಒಳ್ಳೆಯ ಬೆಲೆಯ ಕನ್ಸೋಲ್ ಇಲ್ಲ ಎಂದು ಧೈರ್ಯವಾಗಿ ಹೇಳಬಹುದು. ಫೋರ್ಟ್‌ನೈಟ್ ಎಸ್‌ನಲ್ಲಿ ಸೆಕೆಂಡಿಗೆ 120 ಫ್ರೇಮ್‌ನಲ್ಲೂ ಓಡುತ್ತದೆ. ಸೇಲ್ ಬರುವವರೆಗೆ ಕಾಯುವ ತಾಳ್ಮೆ ಇರುವವರಿಗೂ ನಷ್ಟ ಕಡಿಮೆ. ಬೇಕಾದ ಗೇಮ್‌ಗಳನ್ನು ವಿಶ್‌ಲಿಸ್ಟ್‌ಗೆ ಸೇರಿಸಿಟ್ಟರೆ ಬೆಲೆ ಇಳಿದಾಗ ತಿಳಿಯುತ್ತದೆ.

ಗೇಮ್ ಪಾಸ್ ಇದ್ದರೆ ಎಲ್ಲ ಸರಿಹೋಗುತ್ತದಲ್ಲವೇ?

ಗೇಮ್ ಪಾಸ್ ಎಂದರೆ ತಿಂಗಳ ಚಂದಾ ಕಟ್ಟಿ ಪಟ್ಟಿಯಲ್ಲಿರುವ ಗೇಮ್‌ಗಳನ್ನು ಆಡುವ ಮೈಕ್ರೋಸಾಫ್ಟ್ ಸೇವೆ. 2025ರ ಅಕ್ಟೋಬರ್‌ವರೆಗೆ ಈ ಮಾತಿನಲ್ಲಿ ಬಹಳ ಸತ್ಯ ಇತ್ತು. ಅದರ ಅತಿ ಮೇಲಿನ ಹಂತದ ಅಲ್ಟಿಮೇಟ್ ಚಂದಾ ಭಾರತದಲ್ಲಿ ತಿಂಗಳಿಗೆ 829 ರೂಪಾಯಿ ಇದ್ದದ್ದು ಆಗ ಒಮ್ಮೆಲೇ 1,389ಕ್ಕೆ ಏರಿತು. ಆ ದರದಲ್ಲಿ ವರ್ಷಕ್ಕೆ 16,668, ಮೂರು ವರ್ಷಕ್ಕೆ ಐವತ್ತು ಸಾವಿರ. ಕನ್ಸೋಲ್‌ಗಿಂತ ಚಂದಾ ದುಬಾರಿ! 'ಅಗ್ಗದ ಎಸ್, ಜೊತೆಗೆ ಗೇಮ್ ಪಾಸ್' ಎನ್ನುವ ಹಳೆಯ ಸಲಹೆಯನ್ನು ಕಣ್ಣುಮುಚ್ಚಿ ಈಗ ಪಾಲಿಸಬೇಡಿ.

ಜಾಣತನದ ದಾರಿ ಇದು: ವರ್ಷವಿಡೀ ಚಂದಾ ಕಟ್ಟಬೇಡಿ. ಆಡಬೇಕೆನಿಸಿದ ಗೇಮ್‌ಗಳ ಪಟ್ಟಿ ಮಾಡಿಟ್ಟುಕೊಂಡು, ಬೇಸಿಗೆ ರಜೆಯಲ್ಲಿ ಒಂದೆರಡು ತಿಂಗಳು, ದಸರಾ ರಜೆಯಲ್ಲಿ ಒಂದು ತಿಂಗಳು ತೆಗೆದುಕೊಳ್ಳಿ. ಕೊಂಡ ದಿನವೇ ಮೈಕ್ರೋಸಾಫ್ಟ್ ಖಾತೆಯ 'ಸರ್ವಿಸಸ್' ಪುಟಕ್ಕೆ ಹೋಗಿ ತಾನಾಗಿ ನವೀಕರಣವಾಗುವುದನ್ನು ನಿಲ್ಲಿಸಿ. ಕಟ್ಟಿದ ತಿಂಗಳು ಮುಗಿಯುವವರೆಗೂ ಅದು ನಡೆಯುತ್ತದೆ. ಕೆಳಗಿನ ಹಂತದ ಎಸೆನ್ಷಿಯಲ್, ಪ್ರೀಮಿಯಂ ಚಂದಾಗಳೂ ಇವೆ. ನಿಮಗೆ ಬೇಕಾದ ಗೇಮ್ ಅದರಲ್ಲೇ ಇದ್ದರೆ ಅಲ್ಟಿಮೇಟ್ ಬೇಕಾಗಿಲ್ಲ.

ನಮ್ಮ ಊರಿನ ಇಂಟರ್‌ನೆಟ್‌ನಲ್ಲಿ ಇದು ನಡೆಯುತ್ತದೆಯೇ?

ಲೆಕ್ಕ ಹಾಕಿ. 100 ಜಿಬಿ ಗೇಮ್ ಇಳಿಯಲು 100 ಎಂಬಿಪಿಎಸ್ ಸಂಪರ್ಕದಲ್ಲಿ ಎರಡೂಕಾಲು ಗಂಟೆ, 40 ಎಂಬಿಪಿಎಸ್‌ನಲ್ಲಿ ಐದೂವರೆ ಗಂಟೆ, 10 ಎಂಬಿಪಿಎಸ್‌ನಲ್ಲಿ ಪೂರ್ತಿ ಒಂದು ದಿನ. ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಪ್ಯಾಕ್‌ನ ಹಾಟ್‌ಸ್ಪಾಟ್‌ನಿಂದಾದರೆ ಐವತ್ತು ದಿನ! ಫೈಬರ್ ಸಂಪರ್ಕ ಇಲ್ಲದ ಮನೆಗೆ ಸೀರೀಸ್ ಎಸ್ ಬೇಡ. ಬೆಲೆ ಎಷ್ಟೇ ಕಡಿಮೆ ಇರಲಿ, ಈ ಮಾತಿಗೆ ರಿಯಾಯಿತಿ ಇಲ್ಲ.

ಈಗಾಗಲೇ ಎಸ್ ಕೊಂಡಾಗಿದ್ದು, ಊರಿನಲ್ಲಿ ನಿಧಾನದ ಇಂಟರ್‌ನೆಟ್, ನಗರದ ಗೆಳೆಯರ ಮನೆಯಲ್ಲಿ ಫೈಬರ್ ಇದ್ದರೆ ಒಂದು ಉಪಾಯ ಇದೆ. ಅವರ ಎಕ್ಸ್‌ಬಾಕ್ಸ್‌ನಿಂದ ಗೇಮನ್ನು ಯುಎಸ್‌ಬಿ ಡಿಸ್ಕ್‌ಗೆ ನಕಲು ಮಾಡಿಕೊಂಡು ನಿಮ್ಮದಕ್ಕೆ ಸಿಕ್ಕಿಸಿ. ನಿಮ್ಮ ಖಾತೆಯಲ್ಲಿ ಆ ಗೇಮ್ ಅಥವಾ ಅದಿರುವ ಚಂದಾ ಇರಬೇಕು. ಎರಡೂ ಕನ್ಸೋಲ್ ಒಂದೇ ವೈಫೈನಲ್ಲಿದ್ದರೆ 'ಬ್ಯಾಕಪ್ ಆಂಡ್ ಟ್ರಾನ್ಸ್‌ಫರ್'ನಲ್ಲಿರುವ ನೆಟ್‌ವರ್ಕ್ ಟ್ರಾನ್ಸ್‌ಫರ್ ಸಾಕು, ಇಂಟರ್‌ನೆಟ್ ಡೇಟಾ ಖರ್ಚಾಗುವುದಿಲ್ಲ.

ಇಂಟರ್‌ನೆಟ್ ಕೈಕೊಟ್ಟ ದಿನವೂ ಆಡುವಂತಾಗಲು ಸೆಟ್ಟಿಂಗ್ಸ್‌ನ ಜನರಲ್, ಪರ್ಸನಲೈಸೇಷನ್ ಒಳಗೆ 'ಮೈ ಹೋಮ್ ಎಕ್ಸ್‌ಬಾಕ್ಸ್' ಎಂದು ನಿಮ್ಮ ಕನ್ಸೋಲನ್ನು ಗುರುತು ಮಾಡಿ. ಇದರಿಂದ ಮನೆಯ ಉಳಿದವರೂ ತಮ್ಮ ತಮ್ಮ ಖಾತೆಯಿಂದ ನಿಮ್ಮ ಗೇಮ್‌ಗಳನ್ನು ಆಡಬಹುದು.

ಕರೆಂಟ್ ಬಿಲ್ ಎಷ್ಟು ಬರುತ್ತದೆ?

ಆಡುವಾಗ ಎಸ್ ಸುಮಾರು 75 ವ್ಯಾಟ್ ಎಳೆಯುತ್ತದೆ, ಎಕ್ಸ್ ಅದರ ಎರಡು ಪಟ್ಟಿಗೂ ಹೆಚ್ಚು. ದಿನಕ್ಕೆ ಎರಡು ಗಂಟೆಯಂತೆ ತಿಂಗಳಿಗೆ ನಾಲ್ಕೂವರೆ ಯೂನಿಟ್. ಇದು ಏನೂ ಅಲ್ಲ.

ಗಮನಿಸಬೇಕಾದದ್ದು ಆಡದಿರುವಾಗಿನ ಬಳಕೆ. 'ಸ್ಲೀಪ್' ಆಯ್ಕೆಯಲ್ಲಿ ಬಿಟ್ಟರೆ ಹತ್ತು ವ್ಯಾಟ್‌ಗೂ ಮೇಲೆ ಸದಾ ಎಳೆಯುತ್ತಿರುತ್ತದೆ. ದಿನಕ್ಕೆ 22 ಗಂಟೆಯಂತೆ ತಿಂಗಳಿಗೆ ಆರೂವರೆ ಯೂನಿಟ್‌ಗೂ ಹೆಚ್ಚು. ಅಂದರೆ ಆಡಿದ್ದಕ್ಕಿಂತ ಮಲಗಿದ್ದಕ್ಕೇ ಜಾಸ್ತಿ. ಸೆಟ್ಟಿಂಗ್ಸ್, ಜನರಲ್, ಪವರ್ ಆಪ್ಷನ್ಸ್‌ಗೆ ಹೋಗಿ 'ಶಟ್‌ಡೌನ್ (ಎನರ್ಜಿ ಸೇವಿಂಗ್)' ಹಾಕಿ. ಬಳಕೆ ಅರ್ಧ ವ್ಯಾಟ್‌ಗೆ ಇಳಿಯುತ್ತದೆ, ರಾತ್ರಿ ಅಪ್‌ಡೇಟ್‌ಗಳೂ ಬರುತ್ತವೆ. ಆನ್ ಆಗಲು ಹದಿನೈದು ಇಪ್ಪತ್ತು ಸೆಕೆಂಡ್ ಹೆಚ್ಚು ಹಿಡಿಯುತ್ತದೆ, ಅಷ್ಟೇ. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವ ಮನೆಗಳಿಗೆ ಈ ಯೂನಿಟ್‌ಗಳೂ ಮುಖ್ಯ.

ಕರೆಂಟ್ ಹೋಗಿ ಬಂದರೆ ಹಾಳಾಗುತ್ತದೆಯೇ? ಯುಪಿಎಸ್ ಬೇಕೇ?

ಒಮ್ಮೆ ಕರೆಂಟ್ ಹೋದರೆ ಕನ್ಸೋಲ್ ಸಾಯುವುದಿಲ್ಲ. ಅಪಾಯ ಇರುವುದು ಅಪ್‌ಡೇಟ್ ನಡೆಯುವಾಗ ಅಥವಾ ಸೇವ್ ಆಗುವಾಗ ಹೋದರೆ; ಫೈಲ್ ಕೆಡಬಹುದು. 600 ವಿಎ ಯುಪಿಎಸ್ ಸಾಕು: ಎಸ್‌ಗೆ 75, 43 ಇಂಚಿನ ಟಿವಿಗೆ 80, ರೌಟರ್‌ಗೆ 10 ಎಂದು ಹಿಡಿದರೂ 165 ವ್ಯಾಟ್. ಹತ್ತು ನಿಮಿಷ ಸಿಗುತ್ತದೆ, ಸೇವ್ ಮಾಡಿ ಆರಿಸಲು ಸಾಕಷ್ಟು. ಮನೆಗೆ ಇನ್ವರ್ಟರ್ ಇದ್ದರೆ ಅದರ ಹಿಂದಿನ ಸ್ವಿಚ್ಚನ್ನು 'ಇಕೊ' ಬದಲು 'ಯುಪಿಎಸ್' ಮೋಡ್‌ಗೆ ಹಾಕಿ. ಇಲ್ಲವಾದರೆ ಬದಲಾಗುವ ಕ್ಷಣದಲ್ಲಿ ಕನ್ಸೋಲ್ ಆರಿಹೋಗುತ್ತದೆ. ಸೈನ್ ವೇವ್ ಇನ್ವರ್ಟರ್ ಆಗಿದ್ದರೆ ನೆಮ್ಮದಿ.

ವೋಲ್ಟೇಜ್ ಏರುಪೇರಾದ ಮೇಲೆ ಬಟನ್ ಒತ್ತಿದರೂ ಕದಲದಿದ್ದರೆ ಗಾಬರಿಯಾಗಿ ರಿಪೇರಿಗೆ ಓಡಬೇಡಿ. ಒಳಗಿನ ಪವರ್ ಸಪ್ಲೈ ತನ್ನನ್ನು ತಾನೇ ನಿಲ್ಲಿಸಿಕೊಂಡಿರಬಹುದು. ವೈರನ್ನು ಗೋಡೆಯಿಂದ ಕಿತ್ತು ಹತ್ತು ಸೆಕೆಂಡ್ ಬಿಟ್ಟು, ಎಕ್ಸ್‌ಟೆನ್ಷನ್ ಬಾಕ್ಸ್ ಬಿಟ್ಟು ನೇರವಾಗಿ ಗೋಡೆಗೆ ಸಿಕ್ಕಿಸಿ ನೋಡಿ. ಗುಡುಗು ಮಿಂಚಿನ ಸಂಜೆ ಪ್ಲಗ್ ಜೊತೆಗೆ ಎಚ್‌ಡಿಎಂಐ ಮತ್ತು ಲ್ಯಾನ್ ವೈರನ್ನೂ ಕಿತ್ತಿಡಿ. ಕೇಬಲ್ ಟಿವಿಯ ತಂತಿಯಿಂದ ಟಿವಿಗೆ, ಟಿವಿಯಿಂದ ಎಚ್‌ಡಿಎಂಐ ಪೋರ್ಟಿಗೆ ಹೊಡೆತ ದಾಟಬಲ್ಲದು. ಮಲೆನಾಡು, ಕರಾವಳಿ ಕಡೆಯವರು ಇದನ್ನು ಅಭ್ಯಾಸ ಮಾಡಿಕೊಳ್ಳಲೇಬೇಕು.

ಬಿಸಿಯಾಗುತ್ತದೆ, ಎಲ್ಲಿ ಇಡಬೇಕು?

ಮೇಲಿರುವ ಕಪ್ಪು ವೃತ್ತ ಅಲಂಕಾರ ಅಲ್ಲ, ಬಿಸಿಗಾಳಿ ಹೊರಬರುವ ಬಾಯಿ. ಮಲಗಿಸಿಟ್ಟಾಗ ಅದು ಮೇಲೆ ಇರಬೇಕು, ಅದರ ಮೇಲೆ ಸೆಟ್‌ಟಾಪ್ ಬಾಕ್ಸ್, ಕುಸುರಿ ಬಟ್ಟೆ ಏನನ್ನೂ ಇಡಬಾರದು. ಸುತ್ತ 10ರಿಂದ 15 ಸೆಂಟಿಮೀಟರ್ ಜಾಗ ಬಿಡಿ. ಗಾಜಿನ ಬಾಗಿಲಿನ ಟಿವಿ ಸ್ಟ್ಯಾಂಡ್ ಒಳಗೆ ಇಟ್ಟರೆ ಗಾಳಿ ಒಳಗೇ ಸುತ್ತಿ ಕನ್ಸೋಲ್ ತಾನಾಗಿ ಆರುತ್ತದೆ. ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಒಣಗಿದ ಮೆತ್ತನೆ ಪೇಂಟ್ ಬ್ರಷ್‌ನಿಂದ ರಂಧ್ರಗಳ ಧೂಳು ಗುಡಿಸಿ. ಒದ್ದೆ ಬಟ್ಟೆ ಬೇಡ.

ಹಳೆಯ ಗೇಮ್‌ಗಳು ಎಕ್ಸ್‌ನಲ್ಲಿ ಕಂಡಂತೆಯೇ ಕಾಣುತ್ತವೆಯೇ?

ಇಲ್ಲ. ಎಕ್ಸ್‌ಬಾಕ್ಸ್ ಒನ್ ಕಾಲದ ಹಲವು ಗೇಮ್‌ಗಳಿಗೆ ಎರಡು ರೂಪ ಇದ್ದವು: ಆಗಿನ ಒನ್ ಎಸ್ ಕನ್ಸೋಲ್‌ಗೆ ಸಾಧಾರಣ, ಒನ್ ಎಕ್ಸ್ ಕನ್ಸೋಲ್‌ಗೆ 4ಕೆ. ಸೀರೀಸ್ ಎಸ್ ಓಡಿಸುವುದು ಒನ್ ಎಸ್ ರೂಪವನ್ನು. ಮೆಮೊರಿಯ ಕಥೆಯೇ ಇಲ್ಲಿಯೂ: ಒನ್ ಎಕ್ಸ್‌ನಲ್ಲಿ 12 ಜಿಬಿ ಇತ್ತು, ಇಲ್ಲಿ 10. ಆದರೆ ಲೋಡ್ ಆಗುವ ವೇಗ ಹೆಚ್ಚು, ಫ್ರೇಮ್ ಕುಸಿತ ಕಡಿಮೆ.

ಅಮೆರಿಕ ಅಥವಾ ದುಬೈನಿಂದ ತರಿಸಿದರೆ?

ಪವರ್ ಸಪ್ಲೈ ಒಳಗೇ ಇದೆ. ಕನ್ಸೋಲ್ ಮೇಲಿನ ಲೇಬಲ್‌ನಲ್ಲಿ 100–240 ವೋಲ್ಟ್ ಎಂದಿದ್ದರೆ ಇಲ್ಲಿ ಓಡುತ್ತದೆ. ಟೇಪ್ ರೆಕಾರ್ಡರ್‌ಗೆ ಬರುವ 8ರ ಆಕಾರದ ಎರಡು ಪಿನ್ ವೈರ್ ಕೊಂಡರೆ ಸಾಕು. ವಾರಂಟಿ ಮಾತ್ರ ಕೊಂಡ ದೇಶದಲ್ಲೇ ಉಳಿಯುತ್ತದೆ. ಅಮೆರಿಕದಲ್ಲೂ ಈಗ ಅಗ್ಗವಿಲ್ಲ: 299 ಡಾಲರ್ ಇದ್ದದ್ದು 2025ರ ಮೇನಲ್ಲಿ 379.99, ಅಕ್ಟೋಬರ್‌ನಲ್ಲಿ 399.99 ಆಯಿತು. ಗೇಮ್ ಕನ್ಸೋಲ್ ಹಳೆಯದಾದಂತೆ ಅಗ್ಗವಾಗುತ್ತದೆ ಎಂಬ ನಂಬಿಕೆಗೆ ಇದು ದೊಡ್ಡ ಪೆಟ್ಟು. ಇಲ್ಲಿ ಅಂಗಡಿಯಲ್ಲಿ ಕೊಳ್ಳುವಾಗ ಎಂಆರ್‌ಪಿ ಮತ್ತು ಆಮದುದಾರರ ಹೆಸರಿನ ಚೀಟಿ ಪೆಟ್ಟಿಗೆಯ ಮೇಲೆ ಇದೆಯೇ ನೋಡಿ. ಇಲ್ಲದಿದ್ದರೆ ಅದು ಬೇರೆ ದಾರಿಯಿಂದ ಬಂದ ಮಾಲು.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಏನೇನು ನೋಡಬೇಕು?

ಬೆಲೆ ಏರಿದ ಮೇಲೆ ಸೆಕೆಂಡ್ ಹ್ಯಾಂಡ್ ಎಸ್ ಒಳ್ಳೆಯ ಆಯ್ಕೆ. ಆದರೆ ಓಡಿಸಿ ನೋಡದೆ ಹಣ ಕೊಡಬೇಡಿ. ಮಾರುವವರ ಮನೆಯಲ್ಲೇ, ಅವರ ಟಿವಿಗೆ ಹಾಕಿಸಿ. ಎಚ್‌ಡಿಎಂಐ ಪೋರ್ಟಿಗೆ ಮೊಬೈಲ್ ಟಾರ್ಚ್ ಬಿಟ್ಟು ಪಿನ್ ಬಾಗಿದೆಯೇ ನೋಡಿ. ಹೆಚ್ಚು ಕೆಡುವ ಭಾಗ ಅದೇ. ನಿಮ್ಮ ಫೋನ್‌ನ ಹಾಟ್‌ಸ್ಪಾಟ್ ಕೊಟ್ಟು ನಿಮ್ಮದೇ ಖಾತೆಯಿಂದ ಸೈನ್ ಇನ್ ಮಾಡಿ. ನಿಷೇಧಕ್ಕೆ ಒಳಗಾದ ಕನ್ಸೋಲ್ ಆನ್‌ಲೈನ್ ಸೇವೆಗೆ ಸೇರುವುದಿಲ್ಲ, ಡಿಸ್ಕ್ ಡ್ರೈವ್ ಇಲ್ಲದ ಕನ್ಸೋಲ್‌ಗೆ ಅದೇ ಮರಣ. ಸೆಟ್ಟಿಂಗ್ಸ್, ಸಿಸ್ಟಂ, ಕನ್ಸೋಲ್ ಇನ್ಫೊನಲ್ಲಿ ಬರುವ ಸೀರಿಯಲ್ ನಂಬರ್ ಹೊರಗಿನ ಲೇಬಲ್‌ಗೆ ಹೊಂದಬೇಕು. ಭಾರಿ ಗೇಮ್ ಒಂದನ್ನು ಅರ್ಧ ಗಂಟೆ ಓಡಿಸಿ. ಫ್ಯಾನ್ ಕರಕರ ಎನ್ನಬಾರದು, ತಾನಾಗಿ ಆರಬಾರದು. ಕಂಟ್ರೋಲರ್‌ನ ಎರಡೂ ಸ್ಟಿಕ್ ಬಿಟ್ಟು ಸುಮ್ಮನೆ ಕೂತು ನೋಡಿ, ಪಾತ್ರ ತಾನಾಗಿ ನಡೆದರೆ ಸ್ಟಿಕ್ ಸವೆದಿದೆ ಎಂದರ್ಥ. ಎಲ್ಲ ಸರಿ ಎಂದ ಮೇಲೆ ಮಾರುವವರ ಕೈಯಿಂದಲೇ 'ರಿಸೆಟ್ ಆಂಡ್ ರಿಮೂವ್ ಎವೆರಿಥಿಂಗ್' ಮಾಡಿಸಿ.

ಆನ್ ಆಗುತ್ತದೆ, ಆದರೆ ಹಸಿರು ಲೋಗೊದಲ್ಲೇ ನಿಂತುಬಿಡುತ್ತದೆ.

ಕನ್ಸೋಲ್ ಆರಿಸಿ, ಪ್ಲಗ್ ಕಿತ್ತು ಅರ್ಧ ನಿಮಿಷ ಬಿಟ್ಟು ಸಿಕ್ಕಿಸಿ. ಕಂಟ್ರೋಲರ್ ಜೋಡಿಸಲು ಕನ್ಸೋಲ್‌ನಲ್ಲಿರುವ ಚಿಕ್ಕ 'ಪೇರ್' ಬಟನ್ ಒತ್ತಿ ಹಿಡಿದುಕೊಂಡೇ ಕನ್ಸೋಲ್‌ನ ಎಕ್ಸ್‌ಬಾಕ್ಸ್ ಬಟನ್ ಒಮ್ಮೆ ಒತ್ತಿ. ಪೇರ್ ಬಟನ್ನನ್ನು ಹತ್ತು ಹದಿನೈದು ಸೆಕೆಂಡ್ ಬಿಡಬೇಡಿ. ಎರಡು ಬಾರಿ ಶಬ್ದ ಬಂದ ಮೇಲೆ ಬಿಡಿ. ದೋಷ ಪರಿಹಾರದ ಪರದೆ ಬರುತ್ತದೆ. ಅಲ್ಲಿ ರಿಸೆಟ್ ಆರಿಸಿ, 'ಕೀಪ್ ಗೇಮ್ಸ್ ಆಂಡ್ ಆ್ಯಪ್ಸ್' ಕೊಡಿ, ಗೇಮ್‌ಗಳು ಉಳಿಯುತ್ತವೆ. ಆಗಲೂ ಸರಿಹೋಗದಿದ್ದರೆ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಮಾಡಿದ 8 ಜಿಬಿ ಅಥವಾ ದೊಡ್ಡ ಪೆನ್‌ಡ್ರೈವ್‌ಗೆ ಎಕ್ಸ್‌ಬಾಕ್ಸ್ ಸಹಾಯ ಪುಟದ ಓಎಸ್‌ಯು1 ಫೈಲ್ ಹಾಕಿ 'ಆಫ್‌ಲೈನ್ ಸಿಸ್ಟಂ ಅಪ್‌ಡೇಟ್' ಮಾಡಿ. ಎಕ್ಸ್‌ಫ್ಯಾಟ್ ಎಂಬ ಬೇರೆ ಫಾರ್ಮ್ಯಾಟ್‌ನ ಪೆನ್‌ಡ್ರೈವ್ ಹಾಕಿ ಸೋಲುವವರೇ ಹೆಚ್ಚು.

ಕಂಟ್ರೋಲರ್ ಸೆಲ್ ತಿನ್ನುತ್ತದೆ, ಏನು ಮಾಡಲಿ?

ಎರಡು ಎಎ ಸೆಲ್ ಬೇಕು. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಬೇಗ ಮುಗಿಯುತ್ತದೆ. 2000 ಎಂಎಎಚ್ ಆಸುಪಾಸಿನ ರಿಚಾರ್ಜಬಲ್ ಸೆಲ್ ನಾಲ್ಕು, ಒಂದು ಚಾರ್ಜರ್ ಕೊಂಡರೆ ವರ್ಷಗಟ್ಟಲೆ ಚಿಂತೆಯಿಲ್ಲ. ಹಳೆಯ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್ ಇದ್ದರೆ ಅದೂ ನಡೆಯುತ್ತದೆ.

ಮೆನು ಕನ್ನಡದಲ್ಲಿ ಸಿಗುತ್ತದೆಯೇ?

ಇಲ್ಲ. ಯೂಟ್ಯೂಬ್, ನೆಟ್‌ಫ್ಲಿಕ್ಸ್, ಪ್ರೈಮ್ ಆ್ಯಪ್‌ಗಳಲ್ಲಿ ಕನ್ನಡ ಸಿನಿಮಾ ನೋಡಬಹುದು, 4ಕೆಯಲ್ಲಿ ಕೂಡ. ಸ್ಮಾರ್ಟ್ ಅಲ್ಲದ ಟಿವಿಗೆ ಇದೊಂದು ಲಾಭ.

ಈಗ ಎಸ್ ಕೊಂಡು, ಮುಂದೆ ಎಕ್ಸ್‌ಗೆ ಹೋದರೆ ಹಾಕಿದ ಹಣ ದಂಡವೇ?

ಬಹುಪಾಲು ಉಳಿಯುತ್ತದೆ. ಕೊಂಡ ಗೇಮ್‌ಗಳು ಖಾತೆಯಲ್ಲಿವೆ, ಎಕ್ಸ್‌ಗೆ ತಕ್ಕ ಆವೃತ್ತಿ ಅಲ್ಲಿ ತಾನಾಗಿ ಇಳಿಯುತ್ತದೆ. ಕಂಟ್ರೋಲರ್, ಯುಎಸ್‌ಬಿ ಡಿಸ್ಕ್, ಎಕ್ಸ್‌ಪ್ಯಾನ್ಷನ್ ಕಾರ್ಡ್ ಹಾಗೆಯೇ ಕೂರುತ್ತವೆ. ಎಸ್ ಮಾರುವ ಮುನ್ನ ಆಡುತ್ತಿರುವ ಪ್ರತಿ ಗೇಮನ್ನೂ ಇಂಟರ್‌ನೆಟ್ ಇರುವಾಗ ಒಮ್ಮೆ ತೆರೆದು, ಸೇವ್ ಮಾಡಿ, ಪೂರ್ತಿ ಮುಚ್ಚಿ ಒಂದೆರಡು ನಿಮಿಷ ಕಾಯಿರಿ. ಆಗ ಸೇವ್ ಫೈಲ್ ಕ್ಲೌಡ್‌ಗೆ ತಲುಪುತ್ತದೆ. ಹೊಸ ಕನ್ಸೋಲ್‌ನಲ್ಲಿ ಸೈನ್ ಇನ್ ಮಾಡಿ ಅದೇ ಗೇಮ್ ತೆರೆದು, ನಿಲ್ಲಿಸಿದ ಜಾಗದಿಂದಲೇ ಶುರುವಾಗುವುದನ್ನು ಕಣ್ಣಾರೆ ಕಂಡ ಮೇಲಷ್ಟೇ ಹಳೆಯದನ್ನು ರಿಸೆಟ್ ಮಾಡಿ.